ಟ್ಯಾಬ್‌ನಲ್ಲಿ ಕನ್ನಡ: ಬೆರಳು ಜಾರಿಸುವುದೋ, ಕುಟ್ಟುವುದೋ, ಗೀಚುವುದೋ, ಹೇಳುವುದೋ?

‘ಫೋನಿನಲ್ಲಿ ಸ್ವೈಪ್ ಮಾಡಿ ಸರಸರ ಬರೀತಿದ್ದೆ, ಟ್ಯಾಬ್ ತಗೊಂಡ ಮೇಲೆ ಕೈಯೇ ಓಡ್ತಿಲ್ಲ’ ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ಹೀಗೆ ಬೆರಳೆತ್ತದೆ ಕೀಲಿಯಿಂದ ಕೀಲಿಗೆ ಜಾರಿಸಿ ಬರೆಯುವುದನ್ನೇ ಹಠ ಹಿಡಿದು ಕಲಿಯಬೇಕೇ? ಒಂದೊಂದೇ ಅಕ್ಷರ ಕುಟ್ಟಿಕೊಂಡಿರುವುದು ಮೇಲೇ? ಪರದೆಯ ಮೇಲೆ ಬೆರಳಲ್ಲಿ ಬರೆದರಾಗದೇ? ಮೈಕಿಗೆ ಹೇಳಿಬಿಟ್ಟರೆ ಮುಗಿಯಿತಲ್ಲವೇ?

ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಯಾವುದನ್ನು ಯಾವುದರಿಂದ ಅಳೆಯಬೇಕು ಎಂದು ಗೊತ್ತಾದರೆ ಸಾಕು, ಆಯ್ಕೆ ತಾನಾಗಿ ಸುಲಭವಾಗುತ್ತದೆ.

ಮೊದಲು ಅಳತೆಗೋಲು

ಏನು ಬರೆಯುತ್ತೀರಿ ಎಂಬುದು ಎಲ್ಲಕ್ಕಿಂತ ಮುಖ್ಯ. ‘ಸರಿ’, ‘ಬರ್ತೀನಿ’, ‘ನಾಳೆ ಬನ್ನಿ’ ಎನ್ನುವ ವಾಟ್ಸಾಪ್ ಮಾತಿಗೂ ಮೂರು ಪುಟದ ಅರ್ಜಿಗೂ ಒಂದೇ ದಾರಿ ಆಗಿಬರುವುದಿಲ್ಲ. ಎರಡನೆಯದು ಟ್ಯಾಬ್ ಹಿಡಿಯುವ ಬಗೆ. ಸೋಫಾದಲ್ಲಿ ಒರಗಿ ಒಂದು ಕೈಯಲ್ಲಿ ಹಿಡಿಯುತ್ತೀರೋ, ಎರಡೂ ಕೈಯಲ್ಲೋ, ಮೇಜಿನ ಮೇಲೆ ಸ್ಟ್ಯಾಂಡಿಗೆ ನಿಲ್ಲಿಸುತ್ತೀರೋ ನೋಡಿಕೊಳ್ಳಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಯೋಚಿಸಿ ಬರೆಯುವ ರೂಢಿ ಇದೆಯೋ ಇಲ್ಲವೋ ಎಂಬುದು ಮೂರನೆಯದು. ಆ ರೂಢಿ ಇಲ್ಲದವರಿಗೆ ಜಾರಿಸುವ ವಿದ್ಯೆ ಎರಡು ಪಟ್ಟು ಕಷ್ಟ.

ಇನ್ನು ವೇಗ. ಇಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಪದ ಪರದೆಗೆ ಬಂದ ಹೊತ್ತನ್ನು ಲೆಕ್ಕ ಹಾಕಿದರೆ ಜಾರಿಸುವುದೇ ಗೆಲ್ಲುತ್ತದೆ. ತಿದ್ದಿ ಮುಗಿಸಿ ಕಳಿಸಿದ ಹೊತ್ತನ್ನು ಹಾಕಿದರೆ ಲೆಕ್ಕ ಬೇರೆಯೇ ಆಗುತ್ತದೆ. ಈ ಬರಹದಲ್ಲಿ ವೇಗ ಎಂದರೆ ತಿದ್ದುಪಡಿಯೂ ಸೇರಿದ ವೇಗ.

ಕೀಬೋರ್ಡಿನ ಅಗಲ: ಆ್ಯಪ್‌ಗಿಂತ ದೊಡ್ಡ ವಿಷಯ

ಜಾರಿಸಿ ಬರೆಯುವ ತಂತ್ರ ಹುಟ್ಟಿದ್ದೇ ಸಣ್ಣ ಪರದೆಗೆ. 2009ರಲ್ಲಿ ‘ಸ್ವೈಪ್’ ಎಂಬ ಕೀಬೋರ್ಡ್ ಮೊದಲು ಬಂದದ್ದು ಸ್ಯಾಮ್‌ಸಂಗ್ ಓಮ್ನಿಯಾ 2 ಫೋನಿನಲ್ಲಿ, ಅದರ ಪರದೆ 3.7 ಇಂಚು. ಆ ಕೀಬೋರ್ಡ್ 2018ರಲ್ಲಿ ನಿಂತುಹೋದರೂ ಹೆಸರು ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು.

ಈಗ 11 ಇಂಚಿನ ಟ್ಯಾಬ್ ಅಡ್ಡ ಹಿಡಿದುಕೊಳ್ಳಿ. ಪರದೆಯ ಅಗಲ ಸುಮಾರು 23.7 ಸೆಂ.ಮೀ., ಹತ್ತು ಕೀಲಿಯ ಸಾಲಿನಲ್ಲಿ ಒಂದೊಂದೂ ಎರಡೂಕಾಲು ಸೆಂ.ಮೀ.ಗೂ ಹೆಚ್ಚು. ‘ನಮಸ್ಕಾರ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಜಾರಿಸಿ ನೋಡಿ. ಎನ್‌ನಿಂದ ಎಡತುದಿಯ ಎ, ಅಲ್ಲಿಂದ ಬಲಕ್ಕೆ ಎಂ, ಮತ್ತೆ ಎ, ಪಕ್ಕದ ಎಸ್, ಮತ್ತೆ ಬಲತುದಿಯ ಹತ್ತಿರದ ಕೆ, ಮತ್ತೆ ಎ, ಆರ್, ಎ. ಅಡ್ಡಕ್ಕೆ ಮಾತ್ರ ಲೆಕ್ಕ ಹಾಕಿದರೂ ಬೆರಳು 90 ಸೆಂ.ಮೀ. ದಾಟಿ ಓಡುತ್ತದೆ, ಅಂದರೆ ಒಂದು ಗಜ! ಅದೇ ಕೀಬೋರ್ಡನ್ನು 9 ಸೆಂ.ಮೀ. ಅಗಲಕ್ಕೆ ಕಿರಿದು ಮಾಡಿದರೆ ಓಟ ಸುಮಾರು 35 ಸೆಂ.ಮೀ.ಗೆ ಇಳಿಯುತ್ತದೆ. ಇಂಗ್ಲಿಷಿಗಿಂತ ಕನ್ನಡಕ್ಕೆ ಈ ತೊಂದರೆ ಹೆಚ್ಚು. ನಮ್ಮ ಪದಗಳ ತುಂಬ ಅಕಾರವೇ ಇರುತ್ತದೆ, ಎ ಕೀಲಿ ಕೂತಿರುವುದು ಎಡದ ಕೊನೆಯಲ್ಲಿ.

ಹಾಗಾಗಿ ಟ್ಯಾಬ್‌ನಲ್ಲಿ ಜಾರಿಸಬೇಕೆಂದರೆ ಮೊದಲ ಕೆಲಸ ಕೀಬೋರ್ಡನ್ನು ತೇಲುವಂತೆ ಮಾಡುವುದು. ಗೂಗಲ್‌ನ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಮೇಲಿನ ಪಟ್ಟಿಯ ಎಡಗಡೆ ಇರುವ ಮೆನು ಚಿಹ್ನೆ ಒತ್ತಿ ‘ಫ್ಲೋಟಿಂಗ್’ ಆರಿಸಿ. ಕೆಳಗಿನ ಹಿಡಿಕೆಯಿಂದ ಎಳೆದು ಬರೆಯುವ ಕೈಯ ಕಡೆಗೆ ತಂದು, ಮೂಲೆ ಹಿಡಿದು ಫೋನಿನ ಕೀಬೋರ್ಡಿನಷ್ಟು ಅಗಲಕ್ಕೆ ಇಳಿಸಿ. ಸ್ವಿಫ್ಟ್‌ಕೀ ಮತ್ತು ಸ್ಯಾಮ್‌ಸಂಗ್ ಕೀಬೋರ್ಡ್‌ಗಳಲ್ಲೂ ತೇಲುವ ಬಗೆ ಇದೆ. ಎರಡು ಹೋಳಾಗಿ ಸೀಳಿದ ಕೀಬೋರ್ಡ್ ಜಾರಿಸುವುದಕ್ಕಲ್ಲ, ನಡುವಿನ ಖಾಲಿ ಜಾಗ ದಾಟಿ ಗೆರೆ ಎಳೆಯುವುದು ತೊಡಕು. ಅದಿರುವುದು ಎರಡು ಹೆಬ್ಬೆರಳಲ್ಲಿ ಕುಟ್ಟುವವರಿಗೆ.

8 ಇಂಚಿನ ಟ್ಯಾಬ್ ಇದ್ದವರು ಅದೃಷ್ಟವಂತರು. ಉದ್ದಕ್ಕೆ ಹಿಡಿದರೆ ಅಗಲ ಸುಮಾರು 10.8 ಸೆಂ.ಮೀ., ಪೂರ್ತಿ ಕೀಬೋರ್ಡಿನಲ್ಲೇ ಆರಾಮಾಗಿ ಜಾರಿಸಬಹುದು. ಹೊಸದಾಗಿ ಕೊಳ್ಳುವವರಿಗೆ ಮೆಸೇಜು, ಓದು, ವಿಡಿಯೊ ಇಷ್ಟೇ ಕೆಲಸ ಎಂದಾದರೆ ದೊಡ್ಡದಕ್ಕೆ ದುಡ್ಡು ಸುರಿಯುವ ಮುಂಚೆ ಇದನ್ನು ಯೋಚಿಸಿ.

ಜಾರಿಸಿ ಬರೆಯುವುದು

ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಕನ್ನಡಕ್ಕೆ ಜಾರಿಸುವ ಸುಲಭ ದಾರಿ ಜಿಬೋರ್ಡ್‌ನ ಎಬಿಸಿ-ಕನ್ನಡ ವಿನ್ಯಾಸ. ಜಿಬೋರ್ಡ್ ಸೆಟ್ಟಿಂಗ್ಸ್ ತೆರೆದು ‘ಲ್ಯಾಂಗ್ವೇಜಸ್’ ಒಳಗೆ ‘ಆ್ಯಡ್ ಕೀಬೋರ್ಡ್’ ಒತ್ತಿ ಕನ್ನಡ ಹುಡುಕಿ. ಅಲ್ಲಿ ಕನ್ನಡ ಅಕ್ಷರದ್ದು, ಎಬಿಸಿಯಿಂದ ಕನ್ನಡಕ್ಕೆ ಹೋಗುವುದು, ಕೈಬರಹದ್ದು ಎಂದು ಬೇರೆ ಬೇರೆ ಸಿಗುತ್ತವೆ. ನಂತರ ‘ಗ್ಲೈಡ್ ಟೈಪಿಂಗ್’ ಒಳಗೆ ಮೊದಲ ಸ್ವಿಚ್ ಹಾಕಿ. ಬೆರಳಿನ ಜಾಡು ತೋರಿಸುವ ‘ಜೆಶ್ಚರ್ ಟ್ರೇಲ್’ ಕಲಿಯುವಾಗ ಇರಲೇಬೇಕು, ಎಲ್ಲಿ ಅಡ್ಡದಾರಿ ಹಿಡಿದಿರಿ ಎಂದು ಅದರಿಂದಲೇ ಗೊತ್ತಾಗುವುದು. ಡಿಲೀಟ್ ಕೀಲಿಯಿಂದ ಎಡಕ್ಕೆ ಜಾರಿಸಿ ಪದ ಅಳಿಸುವುದು, ಸ್ಪೇಸ್ ಪಟ್ಟಿಯ ಮೇಲೆ ಜಾರಿಸಿ ಕರ್ಸರ್ ಸರಿಸುವುದು, ಈ ಎರಡನ್ನೂ ಅಲ್ಲೇ ಚಾಲೂ ಮಾಡಿಕೊಳ್ಳಿ.

ಹೊಸಬರ ತಪ್ಪುಗಳು ಹೆಚ್ಚುಕಡಿಮೆ ಒಂದೇ ತೆರನಾದವು. ಪ್ರತಿ ಅಕ್ಷರದ ಮೇಲೂ ನಿಂತು ನಿಂತು ಹೋಗುತ್ತಾರೆ, ಅದು ಬೇಕಿಲ್ಲ. ಕೀಬೋರ್ಡ್ ನೋಡುವುದು ಗೆರೆಯ ಒಟ್ಟು ಆಕಾರವನ್ನು. ಮೊದಲ ಅಕ್ಷರ, ಕೊನೆಯ ಅಕ್ಷರ, ನಡುವೆ ತಿರುಗುವ ಮೂಲೆಗಳು ಸರಿಯಿದ್ದರೆ ಉಳಿದದ್ದನ್ನು ಅದು ಊಹಿಸಿಕೊಳ್ಳುತ್ತದೆ. ಜೋಡಿ ಅಕ್ಷರಕ್ಕೆ ಎರಡು ಸಲ ಹೋಗುವ ಕೆಲಸವೂ ಇಲ್ಲ, ‘ಅಕ್ಕ’ ಎಂದು ಬರೆಯಲು ಎ, ಕೆ, ಎ ಸಾಕು. ಇನ್ನೊಂದು ತಪ್ಪು ನಡುವೆ ಬೆರಳೆತ್ತುವುದು. ಎತ್ತಿದರೆ ಅಲ್ಲಿಗೇ ಪದ ಮುಗಿದಂತೆ. ಮರಳುಕಾಗದದಂತೆ ಒರಟಾದ ಮ್ಯಾಟ್ ಹಾಳೆ ಅಂಟಿಸಿದ ಪರದೆಯಲ್ಲಿ ಬೆರಳು ತಡೆದು ತಡೆದು ಹೋಗಿ ಹೀಗಾಗುವುದುಂಟು. ಚಿತ್ರ ಬಿಡಿಸಲು ಆ ಹಾಳೆ ಚೆಂದ, ಜಾರಿಸಲು ಶನಿ. ಇನ್ನು ಪಾಸ್‌ವರ್ಡ್ ಹಾಕುವ ಕಡೆ ಜಾರಿಸುವುದು ನಡೆಯುವುದೇ ಇಲ್ಲ, ಕೀಬೋರ್ಡ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಬೆರಳು ಪಳಗಿದರೂ ಬಿಡದೆ ಕಾಡುವ ತೊಡಕು ಭಾಷೆಯದು. ಇಂಗ್ಲಿಷ್ ಅಕ್ಷರದಲ್ಲಿ ಲ-ಳ, ನ-ಣ, ತ-ಟ, ದ-ಡ ಎಲ್ಲ ಒಂದೇ. ಹ್ರಸ್ವ ದೀರ್ಘವೂ ಒಂದೇ. ಬಿ, ಇ, ಎಲ್, ಇ ಎಂದು ಒಂದು ಗೆರೆ ಎಳೆದರೆ ಅದು ಬೆಲೆಯೂ ಆಗಬಹುದು, ಬೆಳೆಯೂ ಆಗಬಹುದು, ಬೇಳೆಯೂ ಆಗಬಹುದು. ದಿನಸಿ ಪಟ್ಟಿ ಬರೆಯುವವರಿಗೆ ಮೂರೂ ಬೇಕಾದ ಪದಗಳೇ. ಹಳ್ಳಿ ಮತ್ತು ಹಲ್ಲಿ, ಮನೆ ಮತ್ತು ಮಣೆ, ಬಂದೆ ಮತ್ತು ಬಂಡೆ ಇವೂ ಇದೇ ಗುಂಪು. ಇದಕ್ಕೆ ಬೆರಳನ್ನು ದೂರಿ ಫಲವಿಲ್ಲ, ಮೇಲಿನ ಸಲಹೆಯ ಸಾಲಿನಿಂದ ಸರಿಯಾದದ್ದನ್ನು ಆರಿಸಿಕೊಳ್ಳುವುದೇ ದಾರಿ.

ಬೆರಳಿನಿಂದಲೇ ಆಗುವ ಗೊಂದಲವೂ ಒಂದಿದೆ. ಯು, ಐ, ಓ ಮೂರೂ ಮೇಲಿನ ಸಾಲಿನಲ್ಲಿ ಒತ್ತೊತ್ತಾಗಿ ಕೂತಿವೆ. ಕೆಯಿಂದ ಹೊರಟು ಮೇಲೆ ಹೋಗಿ ಡಿಗೆ ಬಂದು ಐಯಲ್ಲಿ ನಿಲ್ಲುವ ಗೆರೆ ಕೊಂಚ ಅತ್ತಿತ್ತ ಆದರೆ ಕೊಡಿ, ಕುಡಿ, ಕಿಡಿ ಮೂರರಲ್ಲಿ ಯಾವುದಾದರೂ ಬಂದೀತು. ‘ಸ್ವಲ್ಪ ನೀರು ಕೊಡಿ’ ಎಂದು ಕೇಳಹೊರಟವರು ‘ಸ್ವಲ್ಪ ನೀರು ಕುಡಿ’ ಎಂದು ಅಪ್ಪಣೆ ಕೊಟ್ಟಂತಾಗುತ್ತದೆ. ಇಂಥ ಪದಗಳಲ್ಲಿ ಮೇಲಿನ ಸಾಲಿನ ಮೂಲೆಯನ್ನು ಚೂಪಾಗಿ ತಿರುಗಿಸಿ, ದುಂಡಗೆ ಮಾಡಬೇಡಿ. ಕೀಬೋರ್ಡ್ ತೀರಾ ಕಿರಿದು ಮಾಡಿದರೂ ಈ ಗೊಂದಲ ಹೆಚ್ಚುತ್ತದೆ. 9–11 ಸೆಂ.ಮೀ. ನಡುವೆ ಎಲ್ಲಾದರೂ ನಿಲ್ಲಿಸಿ.

ಮೂರನೆಯದು ವಿಭಕ್ತಿ. ಜಾರಿಸಿದ ಪದದ ಮುಂದೆ ಕೀಬೋರ್ಡ್ ತಾನೇ ಜಾಗ ಬಿಡುತ್ತದೆ. ‘ಮನೆ’ ಜಾರಿಸಿ ‘ಯಲ್ಲಿ’ ಜಾರಿಸಿದರೆ ‘ಮನೆ ಯಲ್ಲಿ’ ಎಂದು ಒಡೆದು ಕೂರುತ್ತದೆ. ಸರಿಪಡಿಸಲು ಹೋಗಿ ತಕ್ಷಣ ಡಿಲೀಟ್ ಒತ್ತಿದರೆ ಒಂದಕ್ಷರವಲ್ಲ, ಪದವೇ ಮಾಯ. ಉಪಾಯ ಹೀಗಿದೆ: ‘ಮನೆ’ ಬಂದ ಕೂಡಲೇ ಸ್ಪೇಸ್ ಒಮ್ಮೆ ಒತ್ತಿ, ಆಮೇಲೆ ಡಿಲೀಟ್ ಒಮ್ಮೆ. ಜಾಗ ಮಾತ್ರ ಹೋಗಿ ಕರ್ಸರ್ ಪದಕ್ಕೆ ಅಂಟಿಕೊಳ್ಳುತ್ತದೆ. ಈಗ ಪ್ರತ್ಯಯವನ್ನು ಕುಟ್ಟಿ.

ಇದು ಎಲ್ಲ ಪದಕ್ಕೂ ನಡೆಯದು. ಶಾಲೆಯಲ್ಲಿ ಕಲಿತ ಸಂಧಿ ಇಲ್ಲಿ ಅನಿರೀಕ್ಷಿತವಾಗಿ ಕೆಲಸಕ್ಕೆ ಬರುತ್ತದೆ. ಆಗಮ ಸಂಧಿಯ ಪದಗಳು, ಅಂದರೆ ಮನೆಯಲ್ಲಿ, ಗುರುವನ್ನು ಇಂಥವು, ಮೂಲ ಪದ ಹಾಗೇ ಉಳಿದು ಬಾಲ ಸೇರುವಂಥವು. ಇವನ್ನು ಜಾರಿಸಿ ಬಾಲ ಅಂಟಿಸಬಹುದು. ಮರದಲ್ಲಿ, ಮರಗಳು ಇವೂ ಸರಿ. ಲೋಪ ಸಂಧಿಯಲ್ಲಿ ಮೂಲ ಪದದ ಕೊನೆಯ ಸ್ವರವೇ ಬಿದ್ದುಹೋಗುತ್ತದೆ. ‘ಊರು’ ಜಾರಿಸಿಬಿಟ್ಟ ಮೇಲೆ ಅದರಿಂದ ‘ಊರಲ್ಲಿ’ ಮಾಡಲು ಒದ್ದಾಡುವ ಬದಲು ಇಡೀ ಪದವನ್ನೇ ಮೊದಲಿನಿಂದ ಜಾರಿಸುವುದು ಅಥವಾ ಕುಟ್ಟುವುದು ಬೇಗ. ‘ಹೋಗಬೇಕಾಗಿತ್ತಂತೆ’ಯಂಥ ರೈಲುಗಾಡಿ ಪದಗಳನ್ನು ಜಾರಿಸುವ ಆಸೆ ಬಿಟ್ಟುಬಿಡಿ. ಗೆರೆ ಉದ್ದವಾದಷ್ಟೂ ಊಹೆ ಎಡವುತ್ತದೆ.

ಕಲಿಯಲು ದಿನಕ್ಕೆ ಹದಿನೈದು ನಿಮಿಷದಂತೆ ಎರಡು ವಾರ ಕೊಟ್ಟು ನೋಡಿ. ಮೊದಲ ಮೂರ‍್ನಾಲ್ಕು ದಿನ ದಿನವೂ ಬಳಸುವ ಇಪ್ಪತ್ತೇ ಪದ ಸಾಕು: ಸರಿ, ಹೌದು, ಇಲ್ಲ, ನಾಳೆ, ಬನ್ನಿ, ಮತ್ತೆ, ಬೆಳಗ್ಗೆ, ಊಟ ಹೀಗೆ. ಒಂದೇ ಪದವನ್ನು ಹತ್ತು ಸಲ ಎಳೆದರೆ ಕೈಗೆ ಆ ಆಕಾರ ಹತ್ತುತ್ತದೆ, ಕೀಲಿ ಹುಡುಕುವುದು ತಪ್ಪುತ್ತದೆ. ಆಮೇಲೆ ವಾಕ್ಯಕ್ಕೆ ಹೋಗಿ.

ಬೇರೆ ಆ್ಯಪ್‌ಗಳ ಬಗ್ಗೆ ಎರಡು ಮಾತು. ಸ್ವಿಫ್ಟ್‌ಕೀಯಲ್ಲಿ ಜಾರಿಸುವ ‘ಫ್ಲೋ’ ಹಾಕಿದರೆ ಅಳಿಸಲು ಬೆರಳು ಬೀಸುವಂಥ ‘ಜೆಶ್ಚರ್’ಗಳು ಇರುವುದಿಲ್ಲ, ಎರಡರಲ್ಲೊಂದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಹಾಗೇ ಕಳಿಸುವವರಿಗೆ ಅದು ಒಗ್ಗುತ್ತದೆ, ನೀವು ಬರೆಯುವ ಕಂಗ್ಲಿಷ್ ಪದಗಳನ್ನು ನೆನಪಿಟ್ಟುಕೊಳ್ಳುತ್ತ ಹೋಗುತ್ತದೆ. ಐಪ್ಯಾಡ್‌ನಲ್ಲಿ ಜಾರಿಸುವ ಸೌಲಭ್ಯ 2019ರಲ್ಲಿ ಬಂತು, ಅದೂ ತೇಲುವ ಸಣ್ಣ ಕೀಬೋರ್ಡಿನಲ್ಲಿ ಮಾತ್ರ. ಬಲಗಡೆ ಕೆಳಗಿನ ಕೀಬೋರ್ಡ್ ಚಿಹ್ನೆಯನ್ನು ಒತ್ತಿ ಹಿಡಿದರೆ ‘ಫ್ಲೋಟಿಂಗ್’ ಸಿಗುತ್ತದೆ, ಎರಡು ಬೆರಳಿಂದ ಹಿಗ್ಗಿಸಿದರೆ ಮೊದಲಿನಂತಾಗುತ್ತದೆ. ಆಗ ಕೊಟ್ಟ ಭಾಷೆಗಳಲ್ಲಿ ಕನ್ನಡ ಇರಲಿಲ್ಲ. ಐಪ್ಯಾಡ್ ಇದ್ದವರು ಇಂಗ್ಲಿಷ್ ಜಾರಿಸಿ, ಕನ್ನಡಕ್ಕೆ ಆ್ಯಪಲ್‌ನ ಕನ್ನಡ ಕೀಬೋರ್ಡಿನಲ್ಲಿ ಕುಟ್ಟುವ ಲೆಕ್ಕ ಹಾಕಿಕೊಳ್ಳಿ.

ಕುಟ್ಟುವುದು

ಕುಟ್ಟುವವರಿಗೆ ದೊಡ್ಡ ಪರದೆ ವರವೇ. ಇಲ್ಲಿ ಪ್ರಶ್ನೆ ಯಾವ ವಿನ್ಯಾಸ ಎಂಬುದು.

ಜಿಬೋರ್ಡ್‌ನ ಕನ್ನಡ ಅಕ್ಷರದ ವಿನ್ಯಾಸ ಇಂಗ್ಲಿಷ್ ಅಕ್ಷರದ ಹಂಗಿಲ್ಲದವರಿಗೆ. ವ್ಯಂಜನ ಒತ್ತಿದೊಡನೆ ಸ್ವರದ ಕೀಲಿಗಳೆಲ್ಲ ಅದರ ಕಾಗುಣಿತವಾಗಿ ಬದಲಾಗುತ್ತವೆ, ‘ಕ’ ಒತ್ತಿದರೆ ಕಾ, ಕಿ, ಕೀ ಕಣ್ಣೆದುರೇ ಬರುತ್ತವೆ. ಫೋನಿನಲ್ಲಿ ಈ ಕೀಲಿಗಳು ತೀರಾ ಚಿಕ್ಕವು, ಟ್ಯಾಬ್‌ನಲ್ಲಿ ಎದ್ದು ಕಾಣುತ್ತವೆ. ಕೀಲಿ ಹೀಗೆ ಬದಲಾಗುತ್ತಿರುವಲ್ಲಿ ಜಾರಿಸಲು ಹೋಗದಿರುವುದೇ ಲೇಸು.

ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶ ಬಳಸಿ ಗೊತ್ತಿರುವವರು ಕಗಪ ವಿನ್ಯಾಸವೇ ಬೇಕೆನ್ನುತ್ತಾರೆ, ಅದರಲ್ಲಿ ನ್ಯಾಯವಿದೆ. ಕೆ.ಪಿ. ರಾವ್ ರೂಪಿಸಿದ ಈ ವಿನ್ಯಾಸದಲ್ಲಿ ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಒತ್ತು, ಇಂಗ್ಲಿಷ್ ಕಾಗುಣಿತದಲ್ಲಾದರೆ ಏಳು. ಎಫ್ ಒತ್ತಕ್ಷರದ ಕೊಂಡಿ. ಊಹೆಯ ಮಾತೇ ಇಲ್ಲ: ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ, ಇಂಗ್ಲಿಷಿನ ಇ ಕೀಲಿ ಒತ್ತಿದರೆ ಹ್ರಸ್ವ ‘ಎ’, ಶಿಫ್ಟ್ ಹಿಡಿದು ಒತ್ತಿದರೆ ದೀರ್ಘ ‘ಏ’. ಬೆಲೆ, ಬೆಳೆ, ಬೇಳೆ ಮೂರೂ ಮೂರು ಬೇರೆ ದಾರಿ. ಆದರೆ ಇದರ ಬಲ ಶಿಫ್ಟ್‌ನಲ್ಲಿದೆ, ಬೆರಳು ಜಾರಿಸುವಾಗ ನಡುವೆ ಶಿಫ್ಟ್ ಒತ್ತಲಾಗದು. ಹಾಗಾಗಿ ಕಗಪ ಮತ್ತು ಸ್ವೈಪ್ ಎರಡನ್ನೂ ಒಟ್ಟಿಗೆ ಬಯಸಬೇಡಿ. ಪರದೆಯ ಮೇಲೆ ಪ್ರತಿ ದೀರ್ಘಕ್ಕೂ ಶಿಫ್ಟ್ ತಟ್ಟುವುದು ಬೇಸರದ ಕೆಲಸವೇ, ಈ ವಿನ್ಯಾಸ ನಿಜಕ್ಕೂ ಅರಳುವುದು ಕೈಗೆ ಸಿಗುವ ಕೀಬೋರ್ಡಿನಲ್ಲಿ. ಸ್ವತಂತ್ರ ತಂತ್ರಾಂಶದ ಇಂಡಿಕ್ ಕೀಬೋರ್ಡ್‌ನಂಥವು ಕುಟ್ಟಲು ಹಲವು ವಿನ್ಯಾಸ ಕೊಡುತ್ತವೆ. ಜಾರಿಸುವುದನ್ನು ಅವುಗಳಿಂದ ನಿರೀಕ್ಷಿಸಬೇಡಿ.

ಭಾರತೀಯ ಭಾಷೆಗಳಿಗೆಲ್ಲ ಒಂದೇ ತೆರನಾಗಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಅದನ್ನು ಆಗಲೇ ಬಲ್ಲವರಿಗೆ ಸರಿ. ಟ್ಯಾಬ್‌ಗಾಗಿ ಹೊಸದಾಗಿ ಕಲಿಯುವುದು ಬೇಡ.

ಗೀಚುವುದು, ಹೇಳುವುದು

ಕೈಬರಹವನ್ನು ಹೆಚ್ಚಿನವರು ಮರೆತೇ ಬಿಡುತ್ತಾರೆ. ಜಿಬೋರ್ಡ್‌ನ ಕನ್ನಡ ಕೈಬರಹ ವಿನ್ಯಾಸದಲ್ಲಿ ಕೆಳಗಿನ ಖಾಲಿ ಚೌಕದಲ್ಲಿ ಬೆರಳಿನಿಂದಲೋ ಸ್ಟೈಲಸ್ ಎಂಬ ಪರದೆಯ ಪೆನ್ನಿನಿಂದಲೋ ಬರೆದರೆ ಅಚ್ಚಿನ ಅಕ್ಷರವಾಗುತ್ತದೆ. ಒತ್ತಕ್ಷರವನ್ನು ಕೆಳಗೇ ಬರೆಯಬೇಕು, ಜಾಗ ಬಿಟ್ಟು ಬರೆಯಿರಿ. ಎಂದೂ ಟೈಪ್ ಮಾಡದ ಹಿರಿಯರಿಗೆ ಇದರಷ್ಟು ಬೇಗ ಕೈಹತ್ತುವುದು ಮತ್ತೊಂದಿಲ್ಲ, ಕಲಿಯುವುದೇ ಇಲ್ಲವಲ್ಲ. ಫೋನಿನಲ್ಲಿ ಎರಡಕ್ಷರಕ್ಕೆ ಜಾಗ ಮುಗಿದರೆ ಇಲ್ಲಿ ಇಡೀ ಪದ ಹಿಡಿಸುತ್ತದೆ. ವೇಗ ಮಾತ್ರ ಕಡಿಮೆ, ನಾಲ್ಕು ಸಾಲು ದಾಟಿದರೆ ತೋಳು ನೋಯುತ್ತದೆ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಪರದೆಗೆ ಅಂಟಿಕೊಂಡಂತೆ ಎಳೆಯುತ್ತದೆ, ಅದಕ್ಕಿಂತ ಬೆರಳೇ ವಾಸಿ.

ಕನ್ನಡದ ಧ್ವನಿ ಟೈಪಿಂಗ್ ಗೂಗಲ್‌ಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಉದ್ದ ವಾಕ್ಯಕ್ಕೆ, ಜಾರಿಸಲಾಗದ ಆ ರೈಲುಗಾಡಿ ಪದಗಳಿಗೆ ಇದೇ ಮದ್ದು. ಬೆಲೆ-ಬೇಳೆಯ ಜಗಳವೂ ಕಡಿಮೆ, ನೀವು ಹೇಳುವಾಗಲೇ ದೀರ್ಘ ಕೇಳಿಸುತ್ತದಲ್ಲ. ಗ್ರಂಥಸ್ಥ ಕನ್ನಡಕ್ಕೆ ಹತ್ತಿರ ಮಾತಾಡಿದಷ್ಟೂ ಸರಿ ಬರುತ್ತದೆ. ‘ಹೋಗ್ಬೇಕಿತ್ತಂತೆ’ ಎಂದು ನುಂಗಿ ಹೇಳಿದರೆ ನುಂಗಿದ್ದೇ ಬರುತ್ತದೆ, ಇಲ್ಲವೇ ಬೇರೇನೋ ಬರುತ್ತದೆ. ಫ್ಯಾನಿನ ಸದ್ದು, ಟಿವಿ, ಬಸ್ಸು ಇದರ ವೈರಿಗಳು. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಆಮೇಲೆ ಕೈಯಿಂದ ಹಾಕುವ ಲೆಕ್ಕವಿರಲಿ. ಪಕ್ಕದಲ್ಲಿ ಜನರಿರುವಾಗ ಮನೆಯ ಲೆಕ್ಕಾಚಾರ ಮೈಕಿಗೆ ಹೇಳಲಾಗುವುದಿಲ್ಲ ಎಂಬುದು ಬೇರೆ ಮಾತು.

ಯಾರಿಗೆ ಯಾವುದು

ಫೋನಿನಲ್ಲಿ ಆಗಲೇ ಜಾರಿಸುವ ರೂಢಿ ಇದ್ದು ಟ್ಯಾಬ್‌ನಲ್ಲೂ ಮೆಸೇಜೇ ಹೆಚ್ಚು ಎಂದಾದರೆ ತೇಲುವ ಕೀಬೋರ್ಡ್ ಹಾಕಿಕೊಂಡು ಜಾರಿಸಿ, ಒಂದು ಪೈಸೆ ಖರ್ಚಿಲ್ಲ. ಎರಡೂ ಕೈಯಲ್ಲಿ ಟ್ಯಾಬ್ ಹಿಡಿಯುವವರಿಗೆ ಸೀಳಿದ ಕೀಬೋರ್ಡಿನಲ್ಲಿ ಹೆಬ್ಬೆರಳಿಂದ ಕುಟ್ಟುವುದೇ ಸುಖ. ಜಾರಿಸಲು ಒಂದು ಕೈ ಬಿಡಬೇಕು, 11 ಇಂಚಿನ ಟ್ಯಾಬ್ ಒಂದೇ ಕೈಯಲ್ಲಿ ಬಹಳ ಹೊತ್ತು ನಿಲ್ಲದು. ಮನೆಯ ಹಿರಿಯರಿಗೆ ಕೈಬರಹವನ್ನೂ ಮೈಕನ್ನೂ ಎರಡನ್ನೂ ತೋರಿಸಿಕೊಡಿ, ಒಂದು ಕೈಕೊಟ್ಟಾಗ ಇನ್ನೊಂದಿರುತ್ತದೆ.

ವರದಿ, ಪಾಠ, ಲೇಖನ ಬರೆಯುವವರು ಈ ನಾಲ್ಕರಲ್ಲೂ ಹೊತ್ತು ಕಳೆಯದೆ ಬ್ಲೂಟೂತ್ ಕೀಬೋರ್ಡಿಗೆ ಸಾವಿರದ ಆಸುಪಾಸು ತೆಗೆದಿಡಿ. ಕೊಳ್ಳುವ ಮುಂಚೆ ನಿಮ್ಮ ಟ್ಯಾಬನ್ನೇ ಅಂಗಡಿಗೆ ಒಯ್ದು, ಜೋಡಿಸಿ, ನಿಮಗೆ ಬೇಕಾದ ಕನ್ನಡ ವಿನ್ಯಾಸ ಅದರಿಂದ ಬರುತ್ತದೆಯೇ ಎಂದು ನಾಲ್ಕು ಪದ ಒತ್ತಿ ನೋಡಿ. ಇಂಗ್ಲಿಷ್ ಬಂದ ಮಾತ್ರಕ್ಕೆ ಕನ್ನಡ ಬರುತ್ತದೆಂದಲ್ಲ.

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಅರ್ಧ ಗಂಟೆಯ ಪರೀಕ್ಷೆ ಮಾಡಿ. ಮೂರು ವಾಕ್ಯ ತೆಗೆದುಕೊಳ್ಳಿ. ‘ನಾಳೆ ಬೆಳಗ್ಗೆ ಊಟಕ್ಕೆ ಮನೆಗೆ ಬನ್ನಿ.’ ‘ಬೇಳೆಯ ಬೆಲೆ ಏರಿದರೂ ಹಳ್ಳಿಯಲ್ಲಿ ಬೆಳೆದವನಿಗೆ ಏನೂ ಸಿಕ್ಕಿಲ್ಲ.’ ‘ಊರಿನವರೆಲ್ಲರೂ ಅಲ್ಲಿಗೆ ಹೋಗಬೇಕಾಗಿತ್ತಂತೆ.’ ಪ್ರತಿಯೊಂದನ್ನೂ ಜಾರಿಸಿ, ಕುಟ್ಟಿ, ಗೀಚಿ, ಹೇಳಿ ನೋಡಿ. ಒಂದೂ ತಪ್ಪಿಲ್ಲದಂತೆ ತಿದ್ದಿ ಮುಗಿಸುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಚೀಟಿಯಲ್ಲಿ ಬರೆದಿಡಿ. ಎರಡು ವಾರ ಅಭ್ಯಾಸ ಮಾಡಿ ಮತ್ತೊಮ್ಮೆ ಅಳೆಯಿರಿ. ಜಾರಿಸುವುದರಲ್ಲಿ ಮೊದಲ ವಾಕ್ಯದ ಹೊತ್ತು ಇಳಿದಿರಬೇಕು, ಇಳಿಯದಿದ್ದರೆ ಕೀಬೋರ್ಡಿನ ಅಗಲವನ್ನು ಮತ್ತೆ ನೋಡಿ. ಎರಡನೆಯದು ಇಳಿದಿದ್ದರೆ ಸಲಹೆಯ ಸಾಲಿನ ಮೇಲೆ ಕಣ್ಣಿಡುವುದು ರೂಢಿಯಾಗಿದೆ ಎಂದರ್ಥ. ಮೂರನೆಯದು ಇದ್ದಲ್ಲೇ ಇದ್ದರೆ ನಿಮ್ಮ ಬೆರಳಿನ ತಪ್ಪೇನಿಲ್ಲ, ಆ ಬಗೆಯ ವಾಕ್ಯ ಬಂದಾಗ ಮೈಕ್ ಒತ್ತಿ.